ಆಷಾಢದಲ್ಲಿ ಸಿಕ್ಕಿಬಿದ್ದ ಅಡ್ವಾನ್ಸು

ವಿಷಯ ಚಿಕ್ಕದು. 1,50,000 ರೂಪಾಯಿ ಅಡ್ವಾನ್ಸು. ಮನೆ ಖಾಲಿ ಮಾಡುವಾಗ ಅದರಲ್ಲಿ ಎಷ್ಟು ವಾಪಸ್ ಬರಬೇಕು, ಯಾವಾಗ ಬರಬೇಕು ಅನ್ನುವ ಜಗಳ. ಪೊಲೀಸ್ ಸ್ಟೇಷನ್ ತನಕ ಹೋಗಲಿಲ್ಲ, ಕೋರ್ಟಿನ ತನಕವಂತೂ ಇಲ್ಲವೇ ಇಲ್ಲ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಬಿಟ್ಟವರೆಲ್ಲ ಇಂಥದ್ದನ್ನು ನೋಡಿಯೇ ಇರುತ್ತಾರೆ. ಆದರೆ ಸಾಮಾನ್ಯವಾಗಿ ಒಂದು ಕಡೆಯಿಂದ ಮಾತ್ರ ನೋಡಿರುತ್ತಾರೆ. ಬಾಡಿಗೆಗಿದ್ದವರನ್ನು ಕೇಳಿದರೆ ಓನರ್‌ಗೆ ದುಡ್ಡಿನ ಆಸೆ. ಓನರ್‌ನ ಕೇಳಿದರೆ ಮನೆ ಹಾಳು ಮಾಡಿ ಹೋದರು.

ನಾನು ಎದುರು ಮನೆಯವನು. ಇಬ್ಬರ ಮನೆಯಲ್ಲೂ ಕಾಫಿ ಕುಡಿದವನು. ಹಾಗಾಗಿ ಮಧ್ಯಸ್ಥಿಕೆಗೆ ಕರೆದರು, ಎರಡೂ ಕಡೆಯ ಲೆಕ್ಕ ಕಣ್ಣಿಗೆ ಬಿತ್ತು. ಇಬ್ಬರನ್ನೂ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಮಾತ್ರ ಬೇಡ ಅಂದರು.

ಮನೆ ಇರುವುದು ನಾಗರಬಾವಿ ಎರಡನೇ ಹಂತದಲ್ಲಿ, 30×40ರ ಸೈಟಿನಲ್ಲಿ. ಕೆಳಗೆ ಓನರ್ ಅಮ್ಮ ಒಬ್ಬರೇ ಇದ್ದಾರೆ. ಮಾಗಡಿ ಕಡೆಯವರು. ಅವರ ಯಜಮಾನರು ಎಚ್‌ಎಂಟಿಯಲ್ಲಿದ್ದವರು. ವಿಆರ್‌ಎಸ್ (ಸ್ವಯಂ ನಿವೃತ್ತಿ) ತಗೊಂಡು, ಬಂದ ದುಡ್ಡಿನಲ್ಲಿ ಕೆಳಗಿನ ಮನೆ ಕಟ್ಟಿದರು. ಮೇಲಿನ ಎರಡು ಮಹಡಿ ಆಮೇಲೆ ನಿಧಾನಕ್ಕೆ ಎದ್ದವು. ಯಜಮಾನರು ಈಗಿಲ್ಲ. ಮಗ ಪುಣೆಯಲ್ಲಿದ್ದಾನೆ. ಮೊದಲನೇ ಮಹಡಿ ಬಾಡಿಗೆಗೆ, ಎರಡನೇ ಮಹಡಿ ಲೀಸಿಗೆ. ಬೆಂಗಳೂರಿನ ಹೊರಗಿರುವವರಿಗೆ ಹೇಳಬೇಕೆಂದರೆ, ಇಲ್ಲಿ ಲೀಸು ಅಂದರೆ ಭೋಗ್ಯ. ಒಟ್ಟಿಗೆ ಆರೇಳು ಲಕ್ಷ ಕೊಟ್ಟು, ಬಾಡಿಗೆಯಿಲ್ಲದೆ ಎರಡು ಮೂರು ವರ್ಷ ಇದ್ದು, ಹೋಗುವಾಗ ಅಷ್ಟನ್ನೂ ವಾಪಸ್ ತಗೊಂಡು ಹೋಗುವುದು.

ಮೊದಲನೇ ಮಹಡಿಗೆ 2022ರ ಏಪ್ರಿಲ್‌ನಲ್ಲಿ ರಾಣೆಬೆನ್ನೂರಿನ ದಂಪತಿ ಬಂದರು. ಜೊತೆಗೆ ಇನ್ನೂ ತೊದಲು ಮಾತಾಡುವ ಮಗ. ಬಾಡಿಗೆ 15,000, ಅಡ್ವಾನ್ಸು ಹತ್ತು ತಿಂಗಳದ್ದು. ಹನ್ನೊಂದು ತಿಂಗಳಿಗೊಮ್ಮೆ ಅಗ್ರಿಮೆಂಟ್, ಪ್ರತಿ ಸಲ ಸಾವಿರ ಜಾಸ್ತಿ. ಬಿಡುವ ಹೊತ್ತಿಗೆ ಬಾಡಿಗೆ 18,000ಕ್ಕೆ ಬಂದಿತ್ತು.

ಈ ಹನ್ನೊಂದು ತಿಂಗಳು ಎಲ್ಲಿಂದ ಬಂತು ಅಂತ ಕೇಳುವವರಿದ್ದಾರೆ. 1908ರ ನೋಂದಣಿ ಕಾಯ್ದೆ ಪ್ರಕಾರ ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಗುತ್ತಿಗೆಯನ್ನು ರಿಜಿಸ್ಟರ್ ಮಾಡಿಸಲೇಬೇಕು. ಹನ್ನೊಂದಕ್ಕೆ ನಿಲ್ಲಿಸಿದರೆ ಸಬ್ ರಿಜಿಸ್ಟ್ರಾರ್ ಕಚೇರಿ ಮೆಟ್ಟಿಲು ಹತ್ತುವುದು ತಪ್ಪುತ್ತದೆ. ಮೂಲೆಯ ಜೆರಾಕ್ಸ್ ಅಂಗಡಿಯಲ್ಲೇ ಟೈಪ್ ಆಗುತ್ತದೆ, ಹೆಸರು ಮತ್ತು ಮೊತ್ತ ಬದಲಾಯಿಸಿದರೆ ಸಾಕು. ಹತ್ತು ತಿಂಗಳ ಅಡ್ವಾನ್ಸಿಗೆ ಮಾತ್ರ ಯಾವ ಕಾಯ್ದೆಯ ಆಧಾರವೂ ಇಲ್ಲ. ಅದು ಊರಿನ ರೂಢಿ, ಅಷ್ಟೆ. ಕೇಂದ್ರ ಸಚಿವ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಪಡೆಯಬಾರದು ಅಂತಿದೆ. ಆದರೆ ಅದು ಬರೀ ಮಾದರಿ. ರಾಜ್ಯಗಳು ತಮ್ಮ ಕಾನೂನು ಮಾಡಿಕೊಂಡರೆ ಉಂಟು. ನಮ್ಮ ಬೀದಿಯ ಟು-ಲೆಟ್ ಬೋರ್ಡುಗಳಿಗೆ ಅದರ ಸುದ್ದಿಯೇ ತಲುಪಿಲ್ಲ.

ಒಂದೂವರೆ ಲಕ್ಷ ಅಡ್ವಾನ್ಸು ಅಂದರೆ ಬಾಡಿಗೆದಾರನಿಗೆ ನಿಜವಾಗಿ ಎಷ್ಟು ಬೀಳುತ್ತದೆ? ಬ್ಯಾಂಕಿನ ಎಫ್‌ಡಿಯಲ್ಲಿ ಶೇ 6.5 ಬಡ್ಡಿ ಅಂದುಕೊಂಡರೂ ವರ್ಷಕ್ಕೆ 9,750. ತಿಂಗಳಿಗೆ 800ರ ಮೇಲೆ. ಬಾಡಿಗೆ 15,000 ಅಂತ ಬಾಯಲ್ಲಿ ಹೇಳಿದರೂ ಅವನು ತೆತ್ತದ್ದು 15,800 ಚಿಲ್ಲರೆ. ಯಾರೂ ಇದನ್ನು ಲೆಕ್ಕ ಹಾಕುವುದಿಲ್ಲ. ಹೇಗಿದ್ದರೂ ವಾಪಸ್ ಬರುವ ದುಡ್ಡು ಅಲ್ವಾ ಅಂತ ಸುಮ್ನಿರುತ್ತಾರೆ.

ಮನೆ ಬಿಡಲು ಕಾರಣ ಆಫೀಸು. ಗಂಡನಿಗೆ ಕೆಲಸ ವೈಟ್‌ಫೀಲ್ಡ್ ಕಡೆಗೆ ಬದಲಾಗಿತ್ತು. 2023ರ ಅಕ್ಟೋಬರ್‌ನಲ್ಲಿ ಮೆಟ್ರೊದ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್ ತನಕ ಪೂರ್ತಿ ಓಡತೊಡಗಿದಾಗ ಇನ್ನೇನು ಚಿಂತೆ ಅಂದುಕೊಂಡಿದ್ದ. ಅತ್ತಿಗುಪ್ಪೆಯಲ್ಲಿ ಹತ್ತಿದರೆ ಒಂದೇ ರೈಲು. ಆದರೆ ಒಂದು ಗಂಟೆಗೂ ಮೇಲೆ ನಿಂತು ಹೋಗುವುದು, ನಿಂತೇ ಬರುವುದು. 2025ರ ಫೆಬ್ರುವರಿಯಲ್ಲಿ ಮೆಟ್ರೊ ಗರಿಷ್ಠ ದರ 60ರಿಂದ 90ಕ್ಕೆ ಏರಿತು. ಇವನದು ಹೆಚ್ಚು ಕಡಿಮೆ ಈ ತುದಿಯಿಂದ ಆ ತುದಿಗೆ ಪ್ರಯಾಣ. ಮಗನಿಗೆ ಒಂದನೇ ಕ್ಲಾಸಿನ ವಯಸ್ಸು. ಸೇರಿಸುವುದಾದರೆ ಆ ಕಡೆಯೇ ಸೇರಿಸೋಣ ಅಂತ ಗಂಡ ಹೆಂಡತಿ ತೀರ್ಮಾನಿಸಿದರು. ಮೇ 3ರಂದು ಓನರ್ ಅಮ್ಮನಿಗೆ ವಾಟ್ಸ್ಆ್ಯಪ್‌ನಲ್ಲಿ ಮೆಸೇಜು ಹಾಕಿ, ಕೆಳಗಿಳಿದು ಬಂದು ಬಾಯಲ್ಲೂ ಹೇಳಿದರು. ಜೂನ್ ಕೊನೆಗೆ ಖಾಲಿ ಮಾಡುತ್ತೇವೆ.

ಕಷ್ಟ ಶುರುವಾದದ್ದು ಈ ತಾರೀಖಿನಿಂದ. ಆ ವರ್ಷ ಆಷಾಢ ಹುಟ್ಟಿದ್ದು ಜೂನ್ 26ಕ್ಕೆ, ಮುಗಿದದ್ದು ಜುಲೈ 24ರ ಭೀಮನ ಅಮಾವಾಸ್ಯೆಗೆ. ಆಷಾಢದಲ್ಲಿ ಮನೆ ಬದಲಾಯಿಸುವುದಿಲ್ಲ. ಹಾಲು ಉಕ್ಕಿಸುವುದಿಲ್ಲ. ರಾಣೆಬೆನ್ನೂರಿನವರಿಗೂ ಇದೇ ಶಾಸ್ತ್ರ. ಅದಕ್ಕೇ ಅವರು ಜೂನ್ ಮಧ್ಯದಲ್ಲೇ ಕಾಡುಗೋಡಿಯಲ್ಲಿ ಹೊಸ ಮನೆಗೆ ಹಾಲು ಉಕ್ಕಿಸಿ, ಅರ್ಧ ತಿಂಗಳು ಎರಡೂ ಕಡೆ ಬಾಡಿಗೆ ಕಟ್ಟಿದರು. ಆಷಾಢಕ್ಕೆ ಹೆದರಿ ಇವರು ಬೇಗ ಹೋದರು. ಅದೇ ಆಷಾಢಕ್ಕೆ ಹೆದರಿ ಇವರ ಜಾಗಕ್ಕೆ ಯಾರೂ ಬರಲಿಲ್ಲ. ಮೇ ತಿಂಗಳಿಡೀ ಗೇಟಿಗೆ ಬೋರ್ಡು ತೂಗುತ್ತಿತ್ತು. ನೋಡಲು ಬಂದವರೆಲ್ಲ ಒಂದೇ ಮಾತು ಹೇಳಿದರು. ‘ಈಗ ಖಾಲಿ ಇದ್ದಿದ್ರೆ ಬರ್ತಿದ್ವಿ. ಜೂನ್ ಕೊನೆಗೆ ಅಂದ್ರೆ ಆಷಾಡ ಬಂದ್ಬಿಡ್ತದಲ್ಲ.’

ಬಾಡಿಗೆ ಮನೆಗೆ ವಾಸ್ತು, ಮುಹೂರ್ತ ಎಲ್ಲ ಯಾಕೆ ಅಂತ ಕೇಳಬಹುದು. ಕೇಳಿ ಪ್ರಯೋಜನವಿಲ್ಲ. ಐಟಿ ಕಂಪನಿಯಲ್ಲಿ ದುಡಿಯುವ ಹುಡುಗರೂ ಪ್ಯಾಕರ್ಸ್‌ನವರನ್ನು ಬುಕ್ ಮಾಡುವ ಮೊದಲು ಊರಿಗೆ ಫೋನ್ ಮಾಡಿ ದಿನ ಕೇಳುತ್ತಾರೆ. ನಮ್ಮ ಊರಿನ ಬಾಡಿಗೆ ಮಾರುಕಟ್ಟೆಗೆ ವರ್ಷದಲ್ಲಿ ಎರಡು ಸಲ ಬೀಗ ಬೀಳುತ್ತದೆ. ಒಮ್ಮೆ ಆಷಾಢ, ಇನ್ನೊಮ್ಮೆ ಧನುರ್ಮಾಸ. ಬ್ರೋಕರ್‌ಗಳು ಆ ಹೊತ್ತಿಗೆ ಊರಿಗೆ ಹೋಗಿಬಿಡುತ್ತಾರೆ.

ಜೂನ್ 30ರ ಸಂಜೆ ಕೀ ಕೊಡುವುದು ಅಂತಾಯಿತು. ನಾನೂ ಇದ್ದೆ.

ಅಮ್ಮ ಕನ್ನಡಕವನ್ನು ಸೆರಗಿನಿಂದ ಒರೆಸಿಕೊಂಡು, ಕೈಯಲ್ಲೊಂದು ಟಾರ್ಚು ಹಿಡಿದು ಮೇಲೆ ಬಂದರು. ಕರೆಂಟು ಇತ್ತು. ಆದರೂ ಟಾರ್ಚು. ಸಿಂಕಿನ ಕೆಳಗಿನ ಪೈಪು ನೋಡಲು ಅದು ಬೇಕಂತೆ, ನಲವತ್ತು ವರ್ಷದ ಸಂಸಾರದಲ್ಲಿ ಕಲಿತದ್ದು. ಒಂದೊಂದೇ ನಲ್ಲಿ ತಿರುಗಿಸಿ, ಬಿಟ್ಟು, ಮತ್ತೆ ಕಟ್ಟಿ, ತೊಟ್ಟಿಕ್ಕುತ್ತದೋ ಅಂತ ಕಾದರು. ಅಡುಗೆಮನೆಯ ನಲ್ಲಿ ತೊಟ್ಟಿಕ್ಕಿತು. ಅದರ ಬಾಯಿಗೆ ಬಿಳಿ ಉಪ್ಪು ಕಟ್ಟಿತ್ತು. ಇಲ್ಲಿ ಕಾವೇರಿ ದಿನ ಬಿಟ್ಟು ದಿನ ಬರುತ್ತದೆ, ಉಳಿದಂತೆ ಬೋರ್ ನೀರು. ಬೋರಿನ ಗಡಸು ನೀರಿಗೆ ಯಾವ ನಲ್ಲಿಯ ವಾಷರ್ರೂ ಎರಡು ವರ್ಷದ ಮೇಲೆ ನಿಲ್ಲುವುದಿಲ್ಲ.

‘ನೀವು ಬರೋವಾಗ ಹೊಸಾದು ಹಾಕ್ಸಿದ್ದೆ ನಾನು.’

‘ಮೂರು ವರ್ಸ ಆತಲ್ರೀ ಆಂಟಿ.’

ಆಮೇಲೆ ಗೋಡೆ. ಟೀವಿ ಇದ್ದಲ್ಲಿ ನಾಲ್ಕು ತೂತು, ಗಡಿಯಾರ, ಕನ್ನಡಿ, ಪರದೆಯ ರಾಡು. ಅಮ್ಮ ಒಂದೊಂದಕ್ಕೂ ಬೆರಳು ಇಟ್ಟು ಎಣಿಸಿದರು. ರೂಮಿನ ಕಿಟಕಿಯ ಸೊಳ್ಳೆಪರದೆ ಹರಿದಿತ್ತು. ಅದಕ್ಕೆ ಯಾರೂ ವಾದ ಮಾಡಲಿಲ್ಲ. ಪ್ಲಾಸ್ಟಿಕ್ ಬ್ಯಾಟು ಹಿಡಿದ ಮಗ ಅಲ್ಲೇ ನಿಂತಿದ್ದ.

ಕೆಳಗೆ ಬಂದು ಕೂತ ಮೇಲೆ ಅಮ್ಮ ಚೀಟಿ ಬರೆದರು. ಬಣ್ಣಕ್ಕೆ ಒಂದು ತಿಂಗಳ ಬಾಡಿಗೆ 18,000. ಕ್ಲೀನಿಂಗ್ 2,500. ಗೋಡೆ ತೂತಿಗೆ 3,000. ನಲ್ಲಿಗೆ 1,800. ಸೊಳ್ಳೆಪರದೆಗೆ 2,200. ನೀರಿನ ಬಾಕಿ 900. ಕೊನೆಯಲ್ಲಿ ಒಂದು 9,000. ಅದೇನು ಅಂತ ಕೇಳಿದರೆ ಜುಲೈ ತಿಂಗಳ ಅರ್ಧ ಬಾಡಿಗೆ. ಎರಡು ತಿಂಗಳ ನೋಟಿಸು ಮೇ ಒಂದನೇ ತಾರೀಖಿಗೆ ಕೊಡಬೇಕಿತ್ತು, ಮೂರಕ್ಕೆ ಕೊಟ್ಟಿರಿ, ಹಾಗಾಗಿ ಜುಲೈಯೂ ಸೇರುತ್ತದೆ, ಪಾಪ ಅಂತ ಅರ್ಧ ಬಿಟ್ಟಿದ್ದೇನೆ ಅನ್ನುವುದು ಅವರ ವಾದ. ಒಟ್ಟು 37,400. ಉಳಿದದ್ದು 1,12,600. ಅದರಲ್ಲಿ ಅವತ್ತು ಕೈಗೆ ಕೊಟ್ಟದ್ದು 20,000.

‘ಉಳಿದದ್ದು ಎಲ್ಲಿಗೆ ಹೋಗ್ತದಪ್ಪ, ನಿನ್ ದುಡ್ಡು ನಿನಗೇ. ಆಷಾಡ ಕಳೀಲಿ, ಬೇರೆಯವ್ರು ಬರ್ಲಿ, ಕೊಡ್ತೀನಿ.’

ರಾಣೆಬೆನ್ನೂರಿನ ಹುಡುಗ, ಅಂದರೆ ಗಂಡ, ಮೆತ್ತಗಿನವನು. ಅವತ್ತು ಮಾತ್ರ ದನಿ ಏರಿತು. ‘ನಮ್ಮ ರೊಕ್ಕಾ ನಾವು ಕೇಳಾಕ ಭಿಕ್ಷಾ ಬೇಡಿದಂಗ ನಿಂದರಬೇಕೇನ್ರಿ? ಬ್ಯಾರೇದವರು ಬರೂದಕ್ಕೂ ನನ್ನ ರೊಕ್ಕಕ್ಕೂ ಏನ್ ಸಂಬಂಧ?’

ಒಳ್ಳೆಯ ಪ್ರಶ್ನೆ. ಆಮೇಲೆ ನಾನು ಕೆದಕಿದ್ದೂ ಇದನ್ನೇ.

ಮೊದಲು ಕಾನೂನು ಏನು ಹೇಳುತ್ತದೆ ಅಂತ ನೋಡೋಣ. ಕರ್ನಾಟಕ ಬಾಡಿಗೆ ಕಾಯ್ದೆ 1999ರದು, ಜಾರಿಗೆ ಬಂದದ್ದು 2001ರ ಕೊನೆಯ ದಿನ. ಅದರ ರಕ್ಷಣೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರದ ಬಾಡಿಗೆಯ ಮನೆಗಳಿಗಷ್ಟೇ. ಇವತ್ತು ಆ ದುಡ್ಡಿಗೆ ಸ್ಕೂಟರ್ ನಿಲ್ಲಿಸಲು ಜಾಗ ಸಿಕ್ಕರೆ ಪುಣ್ಯ. ಉಳಿದವರಿಗೆಲ್ಲ 1882ರ ಆಸ್ತಿ ವರ್ಗಾವಣೆ ಕಾಯ್ದೆಯೇ ಗತಿ. ಅದರ 108ನೇ ಸೆಕ್ಷನ್ನಿನಲ್ಲಿ ಒಂದು ಒಳ್ಳೆಯ ಮಾತಿದೆ. ಬಾಡಿಗೆದಾರ ಮನೆಯನ್ನು ತಾನು ಬಂದಾಗ ಇದ್ದ ಸ್ಥಿತಿಯಲ್ಲೇ ಬಿಟ್ಟುಕೊಡಬೇಕು, ಆದರೆ ಬಳಕೆಯಿಂದ ಸಹಜವಾಗಿ ಆಗುವ ಸವಕಳಿಗೆ ಅವನು ಹೊಣೆಯಲ್ಲ. ನಲ್ಲಿಯ ವಾಷರ್ ಸವಕಳಿ. ಹರಿದ ಸೊಳ್ಳೆಪರದೆ ಸವಕಳಿಯಲ್ಲ. ಗೋಡೆಯ ತೂತು ನಡುವೆ ಎಲ್ಲೋ ಬರುತ್ತದೆ. ಟೀವಿಯನ್ನು ಗೋಡೆಗೆ ಹಾಕದೆ ತಲೆ ಮೇಲೆ ಇಟ್ಟುಕೊಳ್ಳಲಾಗುತ್ತದೆಯೇ?

ನೋಟಿಸಿನ ವಿಷಯ ಇನ್ನೂ ತಮಾಷೆ. ಕಡೆಯ ಅಗ್ರಿಮೆಂಟ್ ಮುಗಿದದ್ದು 2024ರ ಡಿಸೆಂಬರ್‌ಗೆ. ಜನವರಿಯಿಂದ ಸಾವಿರ ಜಾಸ್ತಿ ಮಾಡಿದ್ದು ಬಾಯಿಮಾತಿನಲ್ಲಿ. ಹೊಸ ಕಾಗದ ಮಾಡಿಸಲು ಇಬ್ಬರಿಗೂ ಸೋಮಾರಿತನ. ಬೇರೆ ಕರಾರು ಇಲ್ಲದಾಗ ತಿಂಗಳ ಬಾಡಿಗೆಗೆ ಹದಿನೈದು ದಿನದ ನೋಟಿಸು ಸಾಕು ಅನ್ನುತ್ತದೆ ಅದೇ ಕಾಯ್ದೆಯ 106ನೇ ಸೆಕ್ಷನ್ನು. ವಕೀಲರಾಗಿದ್ದರೆ ಅಲ್ಲೇ ಹಿಡಿಯುತ್ತಿದ್ದರು. ನಾವು ಹಿಡಿಯಲಿಲ್ಲ. ಎರಡು ತಿಂಗಳು ಅಂತ ಎಲ್ಲರೂ ಒಪ್ಪಿಕೊಂಡೇ ನಡೆದಿದ್ದರು, ಹುಡುಗನೂ ಹಾಗೆಂದುಕೊಂಡೇ ಮೇ ತಿಂಗಳಲ್ಲಿ ಹೇಳಿದ್ದ. ಇಲ್ಲದ ಕಾಗದವನ್ನು ಆಯುಧ ಮಾಡಿಕೊಳ್ಳುವುದು ಅವನಿಗೇ ಇಷ್ಟವಿರಲಿಲ್ಲ.

ಬಾಕಿ ವಸೂಲಿಗೆ ಸಿವಿಲ್ ದಾವೆ ಹಾಕಲು ಮೂರು ವರ್ಷ ಕಾಲಾವಕಾಶ ಇರುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟರೆ ಕೇಸು ಹಾಕುವ ಮೊದಲೇ ಕೂರಿಸಿ ಮಾತಾಡಿಸುತ್ತಾರೆ. ಒಂದು ಲಕ್ಷಕ್ಕೆ ಯಾರು ಅಲೆಯುತ್ತಾರೆ? ಇದು ಓನರ್‌ಗಳಿಗೂ ಗೊತ್ತು, ಬಾಡಿಗೆದಾರರಿಗೂ ಗೊತ್ತು. ಅಡ್ವಾನ್ಸಿನ ಜಗಳಗಳೆಲ್ಲ ಈ ಒಂದು ತಿಳಿವಳಿಕೆಯ ಮೇಲೆ ನಡೆಯುತ್ತವೆ.

ಹುಡುಗನ ಭಾವ ಒಂದು ಉಪಾಯ ಹೇಳಿಕೊಟ್ಟ. ಉಚಿತ ಕರೆಂಟಿನ ಗೃಹಜ್ಯೋತಿ ಹೇಗೂ ನಿನ್ನ ಆಧಾರ್‌ಗೆ ಲಿಂಕ್ ಆಗಿದೆ, ಅದನ್ನು ಬಿಡಿಸಬೇಡ, ಹೊಸಬರಿಗೆ ಸೊನ್ನೆ ಬಿಲ್ಲು ಬರದಿದ್ದರೆ ಆಂಟಿ ತಾನಾಗೇ ಫೋನ್ ಮಾಡುತ್ತಾಳೆ. ಕೇಳಲು ಚೆನ್ನಾಗಿತ್ತು. ಆದರೆ ಈ ಮನೆಯ ಆರ್‌ಆರ್ ನಂಬರಿನಿಂದ (ಕರೆಂಟು ಸಂಪರ್ಕದ ನಂಬರು) ಡೀ-ಲಿಂಕ್ ಮಾಡದೆ ಕಾಡುಗೋಡಿ ಮನೆಗೆ ಅವನು ಅರ್ಜಿ ಹಾಕುವಂತಿರಲಿಲ್ಲ. ಎರಡು ದಿನ ಸೆಟೆದು ನಿಂತು, ಮೂರನೇ ದಿನ ಸೇವಾಸಿಂಧುವಿನಲ್ಲಿ ತಾನೇ ಬಿಡಿಸಿದ.

ಜುಲೈ ಎರಡನೇ ವಾರ ನಾನು ಅಮ್ಮನ ಮನೆಗೆ ಹೋದೆ. ಒಬ್ಬನೇ. ‘ಅಮ್ಮ, ಕೋಪ ಮಾಡ್ಕೋಬೇಡಿ. ಆ ಒಂದೂವರೆ ಲಕ್ಷ ಎಲ್ಲಿದೆ?’ ಅಂತ ನೇರವಾಗಿ ಕೇಳಿದೆ.

ಅವರು ಕೋಪ ಮಾಡಿಕೊಳ್ಳಲಿಲ್ಲ. ಬೀರುವಿನಿಂದ ಒಂದು ಉದ್ದನೆಯ ನೋಟ್ ಪುಸ್ತಕ ತಂದು ಮುಂದೆ ಇಟ್ಟರು. ರಟ್ಟಿಗೆ ಹಳೆಯ ಕ್ಯಾಲೆಂಡರಿನ ಹಾಳೆ ಹೊದಿಸಿತ್ತು. ಮೊದಲ ಅರ್ಧ ಯಜಮಾನರ ಕೈಬರಹ, ಆಮೇಲೆ ಇವರದು. ಪ್ರತಿ ಬಾಡಿಗೆದಾರರ ಬಾಬತ್ತು. ಎಡಕ್ಕೆ ಬಂದದ್ದು, ಬಲಕ್ಕೆ ಹೋದದ್ದು. 2022ರ ಏಪ್ರಿಲ್ ಹಾಳೆ ತೆಗೆದರು. ಎಡಗಡೆ ‘ಮೊದಲ್ನೇ ಮಹಡಿ ಅಡ್ವಾನ್ಸ್ 1,50,000’. ಅದರ ಕೆಳಗೆ ‘ಮೇಲಿನ ಹೊಸಾ ಲೀಸ್ 6,50,000’. ಬಲಗಡೆ ಒಂದೇ ಸಾಲು. ‘ಮೇಲಿನ ಹಳೇ ಲೀಸ್ ವಾಪಸ್ 8,00,000.’

ಕೂಡಿಸಿ ನೋಡಿದರೆ ಸರಿಯಾಗಿ ಸೊನ್ನೆ.

ಎರಡನೇ ಮಹಡಿಯ ಹಳೆಯ ಲೀಸಿನವರು ಕೊರೊನಾಕ್ಕಿಂತ ಮುಂಚೆ ಎಂಟು ಲಕ್ಷ ಕೊಟ್ಟು ಬಂದವರು. ಅವರು ಹೋಗುವ ಹೊತ್ತಿಗೆ ಮಾರುಕಟ್ಟೆ ಬಿದ್ದಿತ್ತು. ಊರಿಗೆ ಹೋದವರು ಇನ್ನೂ ಪೂರ್ತಿ ವಾಪಸ್ ಬಂದಿರಲಿಲ್ಲ. ಹೊಸಬರು ಆರೂವರೆಗಿಂತ ಮೇಲೆ ಏರಲಿಲ್ಲ. ಒಂದೂವರೆ ಲಕ್ಷ ಕಡಿಮೆ ಬಿತ್ತು. ಅದೇ ತಿಂಗಳು ಮೊದಲ ಮಹಡಿಗೆ ರಾಣೆಬೆನ್ನೂರಿನವರು ಬಂದರು. ಅವರು ಕೊಟ್ಟ ಅಡ್ವಾನ್ಸು ಈ ಮನೆಯಲ್ಲಿ ಒಂದು ವಾರವೂ ನಿಲ್ಲದೆ ಮೇಲಿನವರ ಕೈಸೇರಿ ಹೊರಟುಹೋಯಿತು.

ಹುಡುಗನ ಪ್ರಶ್ನೆಗೆ ಇದೇ ಉತ್ತರ. ಬೇರೆಯವರು ಬರುವುದಕ್ಕೂ ಅವನ ದುಡ್ಡಿಗೂ ಸಂಬಂಧ ಇತ್ತು, ಯಾಕೆಂದರೆ ಅವನ ದುಡ್ಡು ಅಂತ ಒಂದು ಎಲ್ಲೂ ಇರಲಿಲ್ಲ. ಅಡ್ವಾನ್ಸು ಎಲ್ಲೋ ಬ್ಯಾಂಕಿನಲ್ಲಿ ಭದ್ರವಾಗಿದೆ ಅಂತ ಬಾಡಿಗೆದಾರ ಅಂದುಕೊಂಡಿರುತ್ತಾನೆ. ಅಗ್ರಿಮೆಂಟಿನಲ್ಲೂ ‘ಬಡ್ಡಿರಹಿತ ಠೇವಣಿ’ ಅಂತಲೇ ಬರೆದಿರುತ್ತದೆ. ಆದರೆ ಇದು ನಡೆಯುವುದು ಮುಂದಾಳು ಇಲ್ಲದ ಚೀಟಿ ವ್ಯವಹಾರದ ಹಾಗೆ. ಮುಂದೆ ಬರುವವನು ಹಾಕಿದರೆ ಹಿಂದಿನವನು ಎತ್ತುತ್ತಾನೆ.

ಹಾಗಿದ್ದರೆ ಆ ಕಡಿತದ ಚೀಟಿ? ಅಮ್ಮ ಸುಳ್ಳು ಬರೆದರು ಅಂತ ನಾನು ಹೇಳುವುದಿಲ್ಲ. ಆದರೆ ಕೈಯಲ್ಲಿ ದುಡ್ಡು ಇದ್ದಿದ್ದರೆ ಆ ಗೋಡೆಯ ತೂತುಗಳು ಅಷ್ಟು ದೊಡ್ಡದಾಗಿ ಕಾಣುತ್ತಿರಲಿಲ್ಲ. ಕೊಡಲು ಆಗದವರು ಕೊಡಬೇಕಾದದ್ದೇ ಕಡಿಮೆ ಅಂತ ತಮಗೆ ತಾವೇ ಲೆಕ್ಕ ಹೇಳಿಕೊಳ್ಳುತ್ತಾರೆ. ಅವರಿಗೆ ಬರುವುದು ಮೊದಲ ಮಹಡಿಯ 18,000 ಬಾಡಿಗೆ, ಯಜಮಾನರ ಪಿಎಫ್ ಪೆನ್ಷನ್ ಎರಡು ಸಾವಿರ ಚಿಲ್ಲರೆ. ಮೇಲಿನ ಮಹಡಿ ಲೀಸು, ಅಲ್ಲಿಂದ ತಿಂಗಳಿಗೆ ಏನೂ ಇಲ್ಲ. ಜುಲೈನಲ್ಲಿ ಮೊದಲ ಮಹಡಿಯೂ ಖಾಲಿ. ಅವತ್ತು ಕೊಟ್ಟ ಇಪ್ಪತ್ತು ಸಾವಿರ ಮಗ ಪುಣೆಯಿಂದ ಕಳಿಸಿದ್ದು. ಕೋಟಿ ಬೆಲೆಯ ಮನೆಯ ಒಡತಿ, ಕೈಯಲ್ಲಿ ಕಾಸಿಲ್ಲ. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಇಂಥ ಅಮ್ಮಂದಿರು ಬೀದಿಗೆ ನಾಲ್ಕು ಜನ ಸಿಗುತ್ತಾರೆ.

ಹಾಗಂತ ಬಾಡಿಗೆದಾರ ಯಾಕೆ ಇದಕ್ಕೆ ಕಷ್ಟಪಡಬೇಕು? ಕಾಡುಗೋಡಿ ಓನರ್ ಕೂಡ ಒಂದೂವರೆ ಲಕ್ಷ ಅಡ್ವಾನ್ಸು ಕೇಳಿದ್ದರು. ಇಲ್ಲಿಂದ ಬಂದ ಮೇಲೆ ಕೊಡುತ್ತೇನೆ ಅಂದರೆ ಯಾರು ಕೀ ಕೊಡುತ್ತಾರೆ? ಹೆಂಡತಿಯ ಸರ ಬ್ಯಾಂಕಿನಲ್ಲಿಟ್ಟು ಶೇ 9ರ ಬಡ್ಡಿಗೆ ಗೋಲ್ಡ್ ಲೋನ್ ತಂದರು. ಎರಡು ತಿಂಗಳಿಗೆ 2,250 ಬಡ್ಡಿ. ಮೊತ್ತ ದೊಡ್ಡದಲ್ಲ. ಆದರೆ ಶ್ರಾವಣದಲ್ಲಿ ಊರಲ್ಲಿ ತಂಗಿಯ ಮದುವೆ ಮಾತುಕತೆ ಇತ್ತು, ಬರೀ ಕೊರಳಲ್ಲಿ ಹೋಗಬೇಕಾಯಿತು ಅಂತ ಆ ಹೆಣ್ಣುಮಗಳಿಗೆ ಬೇಜಾರು. ‘ಬಣ್ಣದ ರೊಕ್ಕಾ ಹಿಡಕೋರಿ, ಬ್ಯಾಡ ಅನ್ನಂಗಿಲ್ಲ. ಉಳದದ್ದು ಕೊಡ್ರಿ’ ಅಂತ ನನಗೆ ಫೋನಿನಲ್ಲಿ ಹೇಳಿದ್ದು ಆಕೆಯೇ.

ಜುಲೈ ಮೊದಲ ವಾರವೇ ಮನೆಗೆ ಹೊಸಬರು ಗೊತ್ತಾಗಿದ್ದರು. 5,000 ಟೋಕನ್ ಕೊಟ್ಟು ಹೋಗಿದ್ದರು. ಬರುವುದು ಮಾತ್ರ ಶ್ರಾವಣಕ್ಕೆ. ಭೀಮನ ಅಮಾವಾಸ್ಯೆ ಕಳೆಯಿತು, ಅವರ ಸುದ್ದಿಯಿಲ್ಲ. ಫೋನ್ ಮಾಡಿದರೆ ಆ ಮನುಷ್ಯ ಸಂಕೋಚದಿಂದ ಹೇಳಿದ. ‘ಸಾರ್, ರಾಜಾಜಿನಗರದ ಓನರ್ ಇನ್ನೂ ನಮ್ ಅಡ್ವಾನ್ಸ್ ಸೆಟ್ಲ್ ಮಾಡಿಲ್ಲ. ಅಲ್ಲಿಗೆ ಬರೋರು ಒಂದನೇ ತಾರೀಖಿಗೆ ಬರ್ತಾರಂತೆ.’

ನಾನು ನಕ್ಕುಬಿಟ್ಟೆ. ರಾಜಾಜಿನಗರಕ್ಕೆ ಯಾರೋ ಬರಬೇಕು. ಅವರ ದುಡ್ಡು ಇವರಿಗೆ, ಇವರ ದುಡ್ಡು ನಾಗರಬಾವಿಯ ಅಮ್ಮನಿಗೆ, ಅಮ್ಮನ ದುಡ್ಡು ಕಾಡುಗೋಡಿಗೆ, ಅಲ್ಲಿಂದ ಬ್ಯಾಂಕಿನ ಲಾಕರಿನಲ್ಲಿರುವ ಸರಕ್ಕೆ. ಇಷ್ಟೂ ಮನೆಯವರು ಒಬ್ಬರ ಮುಖ ಒಬ್ಬರು ನೋಡಿಲ್ಲ. ರಾಜಾಜಿನಗರಕ್ಕೆ ಬರಬೇಕಾದವರಿಗೆ ದುಡ್ಡು ಎಲ್ಲಿಂದ ಬರಬೇಕಿತ್ತೋ, ಅದನ್ನು ಕೇಳಲು ಹೋಗಲಿಲ್ಲ.

ಆ ನಡುವೆ ಕಡಿತದ ಚೀಟಿ ಸರಿಮಾಡಿಸುವ ಕೆಲಸ ಮುಗಿಸಿದೆವು. ಬಾಗಿಲ ಬಳಿ ಕುರ್ಚಿ ಹಾಕಿಕೊಂಡು, ಅಮ್ಮ, ನಾನು, ಫೋನಿನ ಸ್ಪೀಕರಿನಲ್ಲಿ ಗಂಡ ಹೆಂಡತಿ. ಬಣ್ಣಕ್ಕೆ 18,000 ಇರಲಿ ಅಂತ ಹುಡುಗ ತಾನೇ ಒಪ್ಪಿದ, ಹಳೆಯ ಅಗ್ರಿಮೆಂಟಿನಲ್ಲಿ ‘ಪೇಂಟಿಂಗ್ ಮತ್ತು ಕ್ಲೀನಿಂಗ್‌ಗೆ ಒಂದು ತಿಂಗಳ ಬಾಡಿಗೆ’ ಅಂತ ಸ್ಪಷ್ಟ ಇತ್ತು. ಹಾಗಿದ್ದರೆ ಕ್ಲೀನಿಂಗಿಗೆ ಬೇರೆ 2,500 ಯಾಕೆ ಅಂತ ನಾನು ಕೇಳಿದೆ. ಅಮ್ಮ ಅಗ್ರಿಮೆಂಟ್ ಓದಿ, ಕನ್ನಡಕ ತೆಗೆದು, ‘ಹೂಂ, ಬಿಡಿ’ ಅಂದರು. ಬಣ್ಣ ಹೊಡೆಯುವವರು ಪುಟ್ಟಿ ಹಾಕಿಯೇ ಹೊಡೆಯುತ್ತಾರೆ, ತೂತು ಮುಚ್ಚುವುದು ಅದರಲ್ಲೇ ಬಂತು ಅಂದಾಗ 3,000ವೂ ಹೋಯಿತು. ನಲ್ಲಿಯ ವಿಷಯಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಅವರದೇ ಅಡುಗೆಮನೆಯ ನಲ್ಲಿ ಕಳೆದ ವರ್ಷ ಬದಲಾಯಿಸಿದ್ದು ನೆನಪಿಸಿದ ಮೇಲೆ ಬಿಟ್ಟರು. ಸೊಳ್ಳೆಪರದೆ, ನೀರಿನ ಬಾಕಿ ಹಾಗೇ ಉಳಿದವು. ಮೇ 3ರಿಂದ ಎರಡು ತಿಂಗಳು ಅಂದರೆ ಜುಲೈ 3, ಹಾಗಾಗಿ ಜುಲೈಯ ಮೂರು ದಿನದ ಬಾಡಿಗೆ 1,800. ಒಟ್ಟು ಕಡಿತ 22,900ಕ್ಕೆ ಇಳಿಯಿತು. ವಾಪಸ್ 1,27,100. ಮೊದಲಿನ ಚೀಟಿಗಿಂತ 14,500 ಜಾಸ್ತಿ.

ಬಣ್ಣದ ವಿಷಯದಲ್ಲಿ ನನ್ನ ತಕರಾರು ಈಗಲೂ ಇದೆ. ಅಮ್ಮ ಆಮೇಲೆ ಬಣ್ಣ ಹೊಡೆಸಿದ್ದು 13,500ಕ್ಕೆ. ಇದು ಅವರೊಬ್ಬರ ಲಾಭಕೋರತನವಲ್ಲ, ಊರಿನ ರೂಢಿಯೇ ಹೀಗೆ. ಒಂದು ವರ್ಷ ಇದ್ದವರೂ ಒಂದು ತಿಂಗಳ ಬಾಡಿಗೆ ಕೊಡಬೇಕು, ಹತ್ತು ವರ್ಷ ಇದ್ದವರೂ ಅಷ್ಟೇ. ಬಿಲ್ಲು ತೋರಿಸಿ ಅಷ್ಟನ್ನೇ ಹಿಡಿಯಲಿ ಅಂತ ಅಗ್ರಿಮೆಂಟಿನಲ್ಲಿ ಒಂದು ಸಾಲು ಬರೆಸಿದರೆ ಮುಗಿಯಿತು. ಬರೆಸುವವರು ಕಡಿಮೆ. ಕೀ ಕೈಗೆ ಬರುವ ಸಡಗರದಲ್ಲಿ ಬಿಡುವ ದಿನದ ಬಗ್ಗೆ ಯಾರು ಯೋಚಿಸುತ್ತಾರೆ?

ಹೊಸಬರು ಆಗಸ್ಟ್ ಮೊದಲ ವಾರ ಬಂದರು. ಬಾಡಿಗೆ 19,000, ಅಡ್ವಾನ್ಸು ಒಂದು ಲಕ್ಷ. ಹತ್ತು ತಿಂಗಳದ್ದು ಕೇಳಿದರೆ ಈಗ ಯಾರೂ ಬರುವುದಿಲ್ಲ ಅಂತ ಬ್ರೋಕರ್ ಮೊದಲೇ ಹೇಳಿದ್ದ. ದುಡ್ಡು ಅಮ್ಮನ ಖಾತೆಗೆ ಬಂತು. ಇನ್ನೇನು ಕೊಟ್ಟೇಬಿಡುತ್ತಾರೆ ಅನ್ನುವಾಗ ವರಮಹಾಲಕ್ಷ್ಮಿ ಹಬ್ಬ ಬಂತು, ಆಗಸ್ಟ್ 8. ಶುಕ್ರವಾರ, ಅದೂ ಹಬ್ಬದ ಶುಕ್ರವಾರ, ಮನೆಯಿಂದ ಲಕ್ಷ್ಮಿಯನ್ನು ಹೊರಗೆ ಕಳಿಸುವುದುಂಟೇ? ಮಾರನೇ ದಿನ ಎರಡನೇ ಶನಿವಾರ. ಅಮ್ಮ ಫೋನಿನಲ್ಲಿ ದುಡ್ಡು ಕಳಿಸುವವರಲ್ಲ, ಬ್ಯಾಂಕಿಗೆ ಹೋಗಿ ಫಾರಂ ತುಂಬಿಯೇ ಕಳಿಸಬೇಕು. ಸೋಮವಾರ, 11ನೇ ತಾರೀಖು, ಬೆಳಿಗ್ಗೆ ಹತ್ತೂವರೆಗೆ ಪಾಸ್‌ಬುಕ್ ಹಿಡಿದು ಹೊರಟರು. ನಾನು ಸ್ಕೂಟರಿನಲ್ಲಿ ಬಿಟ್ಟುಬಂದೆ. ಮಧ್ಯಾಹ್ನದ ಹೊತ್ತಿಗೆ 1,07,100 ಕಾಡುಗೋಡಿಗೆ ಸೇರಿತು. ಹುಡುಗ ಅಮ್ಮನಿಗೆ ಫೋನ್ ಮಾಡಿ ‘ಬಂತ್ರಿ ಆಂಟಿ’ ಅಂದನಂತೆ. ಮಗುವಿನ ಶಾಲೆಯ ಬಗ್ಗೆ ಇವರು ಕೇಳಿದರಂತೆ. ಅಷ್ಟು ಜಗಳ ಆಡಿದವರು ಹೌದೋ ಅಲ್ಲವೋ ಅನ್ನುವ ಹಾಗೆ.

ಅಮ್ಮನ ಕಡೆಯ ಲೆಕ್ಕವನ್ನೂ ಹೇಳಬೇಕು. ಬಂದದ್ದು ಒಂದು ಲಕ್ಷ, ಹೋದದ್ದು 1,27,100. ಮೇಲೆ ಬಣ್ಣಕ್ಕೆ 13,500. ಕೈಯಿಂದ 40,600 ಹಾಕಿದ ಹಾಗಾಯಿತು, ಜುಲೈ ಬಾಡಿಗೆ ಹೋದದ್ದು ಬೇರೆ. ಅಡ್ವಾನ್ಸು ಕಡಿಮೆ ಆಗುತ್ತಾ ಬಂದರೆ ಬಾಡಿಗೆದಾರರಿಗೆ ಒಳ್ಳೆಯದೇ, ಅದು ಆಗಬೇಕಾದದ್ದೇ. ಆದರೆ ಹತ್ತರಿಂದ ಐದಕ್ಕೆ ಇಳಿಯುವ ಆ ಒಂದು ಸಲ, ನಡುವಿನ ಐದು ತಿಂಗಳ ದುಡ್ಡನ್ನು ಯಾರಾದರೂ ಹೊಂದಿಸಲೇಬೇಕು. ಊರಿಡೀ ಈಗ ಆಗುತ್ತಿರುವುದು ಇದೇ. ಓನರ್‌ಗಳು ತೂತು ಎಣಿಸುವುದು ಜಾಸ್ತಿ ಆಗಿದೆಯಲ್ಲ ಅಂತ ಅನ್ನಿಸಿದರೆ, ಇದೂ ಒಂದು ಕಾರಣ ಇರಬಹುದು.

ಹೊಸ ಅಗ್ರಿಮೆಂಟನ್ನು ಜೆರಾಕ್ಸ್ ಅಂಗಡಿಯಲ್ಲಿ ಕೂತು ನಾನೇ ಓದಿ ಹೇಳಿ ಬರೆಸಿದೆ. ಬಣ್ಣಕ್ಕೆ ಬಿಲ್ಲಿನಷ್ಟೇ, ಹೆಚ್ಚೆಂದರೆ ಒಂದು ತಿಂಗಳ ಬಾಡಿಗೆ. ಅಡ್ವಾನ್ಸು ಕೀ ಕೊಟ್ಟ ಹದಿನೈದು ದಿನದೊಳಗೆ, ಹೊಸಬರು ಬಂದರೂ ಬರದಿದ್ದರೂ. ಎರಡನೇ ಸಾಲಿಗೆ ಅಮ್ಮ ಸಹಿ ಹಾಕುವ ಮುಂಚೆ ಸ್ವಲ್ಪ ತಡೆದರು. ಆಷಾಢಕ್ಕೆ ಮುಂಚೆ ಬಿಟ್ಟರೆ ಏನು ಮಾಡುವುದು ಅಂತ ಕೇಳಿದರು. ಇವರು ಬಿಡುವುದಿದ್ದರೆ ಯುಗಾದಿಗೇ ಬಿಡಲಿ ಅಂತ ಬರೆಸಲು ಆಗುತ್ತದಾ ಅಂತಲೂ ಕೇಳಿದರು. ಆಗುವುದಿಲ್ಲ ಅಂದೆ.

ಆ ನೋಟ್ ಪುಸ್ತಕದಲ್ಲಿ ಇನ್ನೊಂದು ಸಾಲು ಬಾಕಿ ಇದೆ. ಎರಡನೇ ಮಹಡಿಯವರ ಆರೂವರೆ ಲಕ್ಷ. ಅವರು ಮುಂದಿನ ಯುಗಾದಿ ಹೊತ್ತಿಗೆ ಹೋಗುವವರಿದ್ದಾರೆ. ಲೀಸಿಗೆ ಬರುವವರು ಯಾರಾದರೂ ಇದ್ದರೆ ನೋಡು ಅಂತ ಅಮ್ಮ ನನಗೆ ಈಗಾಗಲೇ ಹೇಳಿಟ್ಟಿದ್ದಾರೆ. ಆರೂವರೆಗಿಂತ ಕಡಿಮೆಗೆ ಮಾತ್ರ ಬೇಡವಂತೆ.